ನನ್ನ ಹೆಸರಿನ ಏಳು ಕೆಜಿ

ನನ್ನನ್ನು ವಿಮಾನ ಹತ್ತಿಸಿದ್ದು ಪ್ರೀತಿಯಿಂದಲ್ಲ, ಏಳು ಕೆಜಿಗಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಮ್ಮ ಈಗಲೂ ಕಂಬಂ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ "ನಮ್ಮಕ್ಕನ್ನ ಫ್ಲೈಟಲ್ಲೇ ಕರ್ಕೊಂಡೋಗಿದ್ದೆ" ಎಂದು ಹೇಳಿಕೊಂಡು ತಿರುಗುತ್ತಾನೆ. ಕೇಳಿದವರು ಇಂಥ ತಮ್ಮ ಎಲ್ಲರಿಗೂ ಸಿಗಬೇಕು ಎಂದು ತಲೆದೂಗುತ್ತಾರೆ. ಒಮ್ಮೆ ನನ್ನೆದುರಿಗೇ ಹಾಗೆ ಹೇಳಿದ. ನಾನು ಕೈಲಿದ್ದ ಸೊಪ್ಪು ಬಿಡಿಸುತ್ತ ಕೂತೆ.

ಗಂಡ ಸತ್ತು ತವರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಟ್ರಂಕು, ಮತ್ತು ಮೈಸೂರಿನ ಗಿರಣಿ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಟೀಚರಮ್ಮ ಕಲಿಸಿದ ಕನ್ನಡ ಅಕ್ಷರ. ತಮಿಳುನಾಡಿನ ಈ ಕಂಬಂ ಕಣಿವೆಯಲ್ಲಿ ನಮ್ಮ ಮನೆಯ ಮಾತು ಕನ್ನಡವೇ, ಆದರೆ ಓದುಬರಹವೆಲ್ಲ ತಮಿಳು. ನನ್ನ ಅಕ್ಷರ ಇಲ್ಲಿ ಯಾರಿಗೂ ಬೇಕಿರಲಿಲ್ಲ, ಕೈ ಬೇಕಿತ್ತು. ತಮ್ಮನಿಗೆ ದ್ರಾಕ್ಷಿ ತೋಟ, ಜೊತೆಗೆ ಸುತ್ತಲಿನ ಸಣ್ಣ ತೋಟದವರಿಂದ ಹಣ್ಣು ಕೊಂಡು ಗೂಡಲೂರಿನ ಮೇಲೆ ಘಟ್ಟ ಹತ್ತಿಸಿ ಕೇರಳಕ್ಕೆ ಕಳಿಸುವ ವ್ಯಾಪಾರ. ಅವನ ಹೆಂಡತಿಗೂ ಆ ವ್ಯಾಪಾರವೇ ಪ್ರಾಣ, ಹೆತ್ತ ಕೂಸನ್ನು ತಿಂಗಳು ತುಂಬುವ ಮೊದಲೇ ನನ್ನ ಮಡಿಲಿಗೆ ಹಾಕಿ ಶೆಡ್ಡಿಗೆ ಹೋದವಳು ಅವಳು. ನಾನು ಸಾಕಿದೆ. ಎಣ್ಣೆ ತಿಕ್ಕಿ ನೀರು ಹಾಕಿದವಳು ನಾನು, ಜ್ವರ ಬಂದರೆ ಎದೆಯ ಮೇಲೆ ಮಲಗಿಸಿಕೊಂಡವಳು ನಾನು. ನಮ್ಮಮ್ಮನದೊಂದು ಚಿನ್ನಾಳಪಟ್ಟಿಯಲ್ಲಿ ನೇಯ್ದ ಚುಕ್ಕಿ ಸೀರೆ ಇತ್ತು, ಉಟ್ಟು ಉಟ್ಟು ಬೆಣ್ಣೆಯಷ್ಟು ಮೆತ್ತಗಾದದ್ದು. ಅದನ್ನು ತೊಲೆಗೆ ಕಟ್ಟಿ ತೂಗಿದರೆ ಮಾತ್ರ ಆ ಹುಡುಗಿ ನಿದ್ದೆ ಮಾಡುತ್ತಿದ್ದಳು.

ಅವಳು ದೊಡ್ಡವಳಾಗಿ ಏಲಕ್ಕಿ ವ್ಯಾಪಾರದವನನ್ನು ಮದುವೆಯಾಗಿ ಮುಂಬೈಗೆ ಹೋದಳು. ಮೊದಲನೆಯ ಬಸಿರು ನಿಲ್ಲಲಿಲ್ಲ. ಎರಡನೆಯದು ನಿಂತು ಏಳು ತಿಂಗಳು ತುಂಬಿತು, ಆದರೆ ಡಾಕ್ಟರು ಹಾಸಿಗೆ ಬಿಟ್ಟು ಓಡಾಡಬೇಡ, ಊರಿಗಂತೂ ಹೋಗಲೇಬೇಡ ಎಂದರು. ತವರಿಗೆ ಅವಳು ಬರುವಂತಿಲ್ಲ ಎಂದ ಮೇಲೆ ತವರೇ ಅವಳ ಹತ್ತಿರ ಹೋಗಿ ಬಳೆ ತೊಡಿಸಿ ಸೀಮಂತ ಮಾಡಬೇಕು. ಸೀಮಂತ ಗೊತ್ತಾದ ದಿನ ಫೋನಿನಲ್ಲಿ ಅವಳು ಅಪ್ಪನ ಹತ್ತಿರ ಮಾತಾಡಿ, ಅಮ್ಮನ ಹತ್ತಿರ ಮಾತಾಡಿ, ಕೊನೆಗೆ ನನ್ನನ್ನು ಕರೆದಳು.

"ಅತ್ತೆ, ನೀ ಕಂಡಿಪ್ಪಾ ಬರ್ಬೇಕು, ತಪ್ಪಿಸ್ಬ್ಯಾಡ. ಮೊದಲ್ನೇ ಬಳೆ ನೀನೇ ಹಾಕ್ಬೇಕು, ಆಯ್ತಾ?"

"ನಾನೆಲ್ಲಿ ಹಾಕದು ಕೂಸೇ? ನಿಮ್ಮಮ್ಮ ನನ್ನ ಕೈ ಮುರಿತಾಳೆ."

"ನಾ ಸೊಲ್ತೀನಿ ಅವ್ಳಿಗೆ. ನೀ ಬಾ ಅತ್ತೆ."

ನಕ್ಕು ಫೋನ್ ಇಟ್ಟೆ. ಆಮೇಲೆ ಹಿತ್ತಲಿಗೆ ಹೋಗಿ ನನ್ನ ಬೋಳು ಕೈ ನೋಡಿಕೊಂಡೆ. ಸುಳ್ಳು ಯಾಕೆ, ಆಸೆಯಾಯಿತು. ಮದುವೆಗಳಲ್ಲಿ ಅಡುಗೆಮನೆಯ ಕಿಟಕಿಯಿಂದ ನೋಡಿಯೇ ವರ್ಷಗಳು ಕಳೆದಿದ್ದವು. ಒಂದು ಸಲ, ಒಂದೇ ಒಂದು ಬಳೆ, ನಾನು ಸಾಕಿದ ಕೈಗೆ. ಅದರ ಹೊರತು ಆ ಪ್ರಯಾಣದಿಂದ ನನಗೆ ಬೇರೇನೂ ಬೇಕಿರಲಿಲ್ಲ.

ತೊಡಕು ಬಂದದ್ದು ಸೀರಿನಿಂದ. ತವರಿನಿಂದ ಹುಡುಗಿಗೆ ಒಯ್ಯುವ ತಟ್ಟೆಗಳಿಗೆ ನಮ್ಮಲ್ಲಿ ಸೀರು ಎನ್ನುತ್ತಾರೆ. ಅರಿಶಿನ, ಕುಂಕುಮ, ಗಾಜಿನ ಬಳೆ, ಸೀರೆ, ತೆಂಗಿನಕಾಯಿ, ಹಣ್ಣು, ತುಪ್ಪ, ಕಜ್ಜಾಯ. ಮನೆಯಿಂದ ಹೊರಟ ಸೀರು ನೆಲ ಮುಟ್ಟಬಾರದು, ಹೊರಗಿನವರ ಕೈಗೆ ಹೋಗಬಾರದು, ತವರಿನವರ ಕೈಯಿಂದ ನೇರ ಹುಡುಗಿಯ ಮುಂದೆ ಇಳಿಯಬೇಕು. ನಮ್ಮ ಸೋದರತ್ತೆಯ ಸೀರು ಹೋದಾಗ ಉತ್ತಮಪಾಳಯಂವರೆಗೆ ಟೌನ್ ಬಸ್ಸಿನಲ್ಲಿ ಎಲ್ಲರೂ ತಟ್ಟೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದು ನನಗೆ ನೆನಪಿದೆ. ಬಸ್ಸಿಗೆ ಅದು ಸರಿಹೋಯಿತು. ಈಗ ತಮ್ಮನಿಗೆ ವಿಮಾನದ ಹುಚ್ಚು ಹಿಡಿಯಿತು. ರೈಲಿನಲ್ಲಿ ಆರಾಮಾಗಿ ಹೋಗಬಹುದಿತ್ತು. ಆದರೆ ಸೀರನ್ನು ಆಕಾಶದಲ್ಲಿ ಒಯ್ದವರು ನಮ್ಮ ಕಣಿವೆಯಲ್ಲಿ ಯಾರಿದ್ದಾರೆ ಎಂದು ಅವನು ಬೀಗುತ್ತಿದ್ದ.

ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಟಿಕೆಟ್ ಮಾಡಿಕೊಡುತ್ತಾರೆ. ಅಂಗಡಿಯವನು ಬಿಡಿಸಿ ಹೇಳಿದ. ಒಬ್ಬೊಬ್ಬರೂ ತಮ್ಮ ಜೊತೆ ಒಳಗೆ ಏಳು ಕೆಜಿಯ ಒಂದು ಬ್ಯಾಗ್ ಒಯ್ಯಬಹುದು, ಅದೂ ಸೀಟಿನ ಮೇಲಿನ ಗೂಡಿನಲ್ಲಿ ಹಿಡಿಸುವಷ್ಟು ಸಣ್ಣದು. ಹದಿನೈದು ಕೆಜಿಯವರೆಗೆ ವಿಮಾನದ ಹೊಟ್ಟೆಗೆ ಹಾಕಬಹುದು, ಅದಕ್ಕೂ ದುಡ್ಡಿಲ್ಲ. ಅದಕ್ಕಿಂತ ಮೇಲೆ ಹೋದರೆ ಕೆಜಿ ಕೆಜಿಗೂ ದಂಡ. "ನಿಮ್ಮ ಸಾಮಾನೆಲ್ಲ ಹೊಟ್ಟೆಗೇ ಹಾಕಿ, ಕೈ ಬೀಸಿಕೊಂಡು ಹೋಗಿ" ಎಂದ. ತಮ್ಮ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದನಂತೆ. ಸೀರನ್ನು ಯಾರೋ ಕೂಲಿಯವರು ಎತ್ತಿ ಗಾಡಿಗೆ ಎಸೆಯುವುದೇ? ಹದಿನೈದು ಕೆಜಿ ಪುಕ್ಕಟೆ ಖಾಲಿ ಬಿದ್ದಿರಲಿ, ಸೀರು ಮಾತ್ರ ಕೈಯಲ್ಲೇ ಬರಬೇಕು. ಗಂಡಹೆಂಡತಿ ಕೂತು ಲೆಕ್ಕ ಹಾಕಿದರು. ಇಬ್ಬರ ಬ್ಯಾಗಿನಲ್ಲಿ ಸೀರು ಹಿಡಿಸುವುದಿಲ್ಲ. ಮೂರನೆಯ ಟಿಕೆಟ್ಟು ಬೇಕು.

ಮೂರನೆಯವರು ಯಾರು? ತಮ್ಮನ ಹೆಂಡತಿಯ ತಂಗಿ ಬರುತ್ತೇನೆಂದಳು, ಆದರೆ ಅವಳಿಗೆ ತನ್ನದೇ ಬಟ್ಟೆ ಬರೆ, ಕ್ರೀಮು, ಚಪ್ಪಲಿ, ಏಳು ಕೆಜಿ ಅವಳಿಗೇ ಸಾಲದು. ಸ್ವಂತದ್ದು ಅಂತ ಏನೂ ಇಲ್ಲದವರು ಬೇಕಿತ್ತು. ಆಗ ಇಬ್ಬರಿಗೂ ಒಟ್ಟಿಗೆ ನನ್ನ ನೆನಪಾಯಿತು.

"ಅಕ್ಕಾ, ನೀನೂ ಬಂದ್ಬಿಡು" ಎಂದ ತಮ್ಮ. "ನಿನ್ನ ಪೇರಲ್ಲಿ ಏಳು ಕೆಜಿ ಸಿಕ್ತದೆ."

"ಸೀರು ನನ್ನ ಬ್ಯಾಗಲ್ಲಿ ಹೋಗಬಹುದೇನೋ?" ಎಂದೆ, ಬೇಕೆಂದೇ.

ಅವನ ಹೆಂಡತಿ ಅದಕ್ಕೂ ಉತ್ತರ ಯೋಚಿಸಿಟ್ಟಿದ್ದಳು. "ಪೇರು ಮಾತ್ರ ನಿಮ್ದು ಅಕ್ಕಾ. ಬ್ಯಾಗ್ ಅವ್ರು ಎತ್ಕೊತಾರೆ. ನೀವು ಕೈ ಮಡಗ್ಬ್ಯಾಡಿ, ಅಷ್ಟೇ. ತಪ್ಪಾ ತಿಳ್ಕೋಬ್ಯಾಡಿ."

ತಪ್ಪಾಗಿ ತಿಳಿದುಕೊಳ್ಳಲು ಅದರಲ್ಲಿ ಏನೂ ಉಳಿದಿರಲಿಲ್ಲ, ಎಲ್ಲ ಸರಿಯಾಗಿಯೇ ತಿಳಿಯಿತು. ಮುಟ್ಟಿದರೆ ಕೆಡುವ ಹೆಂಗಸಿನ ಹೆಸರು ಬರೆದರೆ ಕೆಡುವುದಿಲ್ಲವಂತೆ. ಹೋಗುವುದಿಲ್ಲ ಎನ್ನಬಹುದಿತ್ತು. ಆದರೆ ಆ ಹುಡುಗಿ ಬಾ ಎಂದಿದ್ದಳು. ಆಯಿತು ಎಂದೆ.

ಅಂಗಡಿಯವನು ಕೊಟ್ಟ ಕಾಗದದ ಹಿಂದೆ ನಿಯಮಗಳು ತಮಿಳಿನಲ್ಲಿ ಅಚ್ಚಾಗಿದ್ದವು. ಅವರಿಬ್ಬರೂ ಓದಲಿಲ್ಲ, ಚಿಕ್ಕಂದಿನಲ್ಲಿ ಶಾಲೆಯಲ್ಲಿ ಕಲಿತ ತಮಿಳು ಮರೆಯದ ನಾನು ಓದಿದೆ. ಇಡೀ ತೆಂಗಿನಕಾಯಿ ಕೈಚೀಲದಲ್ಲಿ ಬಿಡುವುದಿಲ್ಲ ಎಂದಿತ್ತು. ತುಪ್ಪವೂ ಅಷ್ಟೇ, ಒಂದು ಸಣ್ಣ ಔಷಧಿ ಬಾಟಲಿಯಷ್ಟು ಮಾತ್ರ. ಹೋಗಿ ಹೇಳಿದೆ. ಒಂದೇ ಸಲ ಹೇಳಿದೆ.

"ಒಳ್ಳೇ ಕಾರಿಯಕ್ಕೆ ಹೊರಡೋ ಹೊತ್ನಲ್ಲಿ ಬಾಯಲ್ಲಿ ಒಳ್ಳೇದು ಬರಲ್ವಾ ನಿಮ್ಗೆ?" ಎಂದಳು ತಮ್ಮನ ಹೆಂಡತಿ. "ತೆಂಗಿನಕಾಯಿ ಇಲ್ದೆ ಸೀರಾ? ಅಪಶಕುನ ನುಡೀಬ್ಯಾಡಿ."

ಇನ್ನೊಮ್ಮೆ ಹೇಳಲು ನನಗೇನು ಬಂದಿತ್ತು? ಬಾಯಿಗೆ ಬೀಗ ಹಾಕಿಕೊಂಡೆ. ಒಳಗೊಳಗೇ ಒಂದು ಸಣ್ಣ ಖುಷಿಯೂ ಆಯಿತು.

ಕಜ್ಜಾಯದ ಪಾಕ ಹಿಡಿದದ್ದು ನಾನು. ಬೆಣ್ಣೆ ಕಡೆದು ತುಪ್ಪ ಕಾಸಿದ್ದು ನಾನು, ನುಗ್ಗೆಸೊಪ್ಪು ಹಾಕಿ, ಮರಳು ಮರಳಾಗಿ, ಆ ಹುಡುಗಿಗೆ ಹೇಗೆ ಇಷ್ಟವೋ ಹಾಗೆ. ಮಾಡುವಾಗ ನನ್ನ ಕೈ ಆಗುತ್ತದೆ. ತಟ್ಟೆಗೆ ತುಂಬುವಾಗ ಮುತ್ತೈದೆಯರು ಬಂದರು, ನಾನು ಹಿತ್ತಲಿಗೆ ಹೋಗಿ ಹಸುವಿಗೆ ನೀರಿಟ್ಟೆ. ತುಂಬಿದ್ದನ್ನು ಬಟ್ಟೆಯಲ್ಲಿ ಕಟ್ಟಿ ಮೂರು ಬ್ಯಾಗಿಗೆ ಇಳಿಸಿದರು. ತೆಂಗಿನಕಾಯಿ, ತುಪ್ಪದ ಡಬ್ಬ, ಅರಿಶಿನ ಕುಂಕುಮ, ಬಳೆ ಎಲ್ಲ ನನ್ನ ಹೆಸರಿನ ಬ್ಯಾಗಿಗೆ ಬಂದವು. ಆಮೇಲೆ ತೂಗಲು ಶೆಡ್ಡಿಗೆ ಒಯ್ದರು.

ಆ ತಕ್ಕಡಿಯ ಕಥೆ ಹೇಳಬೇಕು. ತೋಟದವರು ದ್ರಾಕ್ಷಿ ತಂದಾಗ ತಮ್ಮ ಅದನ್ನು ಕರೆಂಟಿನ ತಕ್ಕಡಿಯ ಮೇಲೆ ಕ್ರೇಟಿನ ಸಮೇತ ಇಡಿಸುತ್ತಾನೆ. ಕ್ರೇಟಿನ ತೂಕ ಕಳೆಯುವುದಕ್ಕೆಂದು ಒಬ್ಬ ರಿಪೇರಿಯವನನ್ನು ಕರೆಸಿ ಅದರೊಳಗೆ ಏನೋ ಮಾಡಿಸಿದ್ದ. ಖಾಲಿ ಇದ್ದಾಗ ಸೊನ್ನೆಯನ್ನೇ ತೋರಿಸುತ್ತದೆ, ಭಾರ ಬಿದ್ದ ಕೂಡಲೇ ಒಂದಿಷ್ಟು ನುಂಗುತ್ತದೆ. ನುಂಗುವುದು ಕ್ರೇಟಿನ ತೂಕಕ್ಕಿಂತ ಜಾಸ್ತಿ ಎಂದು ಹಣ್ಣು ಕೊಯ್ಯುವ ಹೆಂಗಸರಿಗೂ ಗೊತ್ತು, ಹಣ್ಣು ತರುವ ಬಡಪಾಯಿಗಳಿಗೂ ಗೊತ್ತು. ಯಾರಾದರೂ ಗೊಣಗಿದರೆ "ನನ್ನ ತಕ್ಕಡಿ ಧರ್ಮದ ತಕ್ಕಡಿ" ಎನ್ನುತ್ತಿದ್ದ. ವರ್ಷವಿಡೀ ಹೇಳಿ ಹೇಳಿ ಕೊನೆಗೆ ತಾನೇ ನಂಬಿಬಿಟ್ಟಿದ್ದ. ಕ್ರೇಟೂ ಇಲ್ಲದೆ ಬರಿಯ ಬ್ಯಾಗನ್ನು ಅದರ ಮೇಲಿಟ್ಟು, ಏಳಕ್ಕಿಂತ ಕಮ್ಮಿ ಬಂದದ್ದು ನೋಡಿ ಇನ್ನೊಂದಿಷ್ಟು ಕಜ್ಜಾಯ, ಇನ್ನೆರಡು ಗೊಂಚಲು ಪನ್ನೀರು ದ್ರಾಕ್ಷಿ ತುರುಕಿದ.

"ಪೇಟೇಲಿ ಬೇರೆ ಕಡೆ ಒಂದ್ಸಲ ತೂಗಿಸ್ಬಾರ್ದಾ?" ಎಂದೆ.

"ಏನು, ನನ್ನ ತಕ್ಕಡಿ ಮೇಲೇ ಸಂದೇಹನಾ?" ಎಂದು ಕಣ್ಣು ಕೆಂಪು ಮಾಡಿದ. ನಾನು ಸರಿದು ನಿಂತೆ.

ನನ್ನ ಸ್ವಂತಕ್ಕೆ ಒಂದು ಬಟ್ಟೆಯ ಕೈಚೀಲ ಕೊಟ್ಟಿದ್ದರು. ಒಂದು ಸೀರೆ, ಟವೆಲ್, ಬಿಪಿ ಮಾತ್ರೆ. ಅಮ್ಮನ ಚುಕ್ಕಿ ಸೀರೆಯನ್ನು ಒಯ್ದು ಆ ಹುಡುಗಿಯ ಮಗುವಿಗೆ ತೊಟ್ಟಿಲು ಕಟ್ಟಲು ಕೊಡಬೇಕೆಂದಿದ್ದೆ. ತಮ್ಮನ ಹೆಂಡತಿ ಅದನ್ನು ನನ್ನ ಚೀಲದಿಂದ ಹೊರಗೆಳೆದು ಬಾಗಿಲ ಹಿಂದೆ ಹಾಕಿದಳು. ಹಳೆಯದು, ಅದೂ ನನ್ನ ಪೆಟ್ಟಿಗೆಯಲ್ಲಿದ್ದದ್ದು, ಹುಟ್ಟದ ಮಗುವಿಗೆ ಬೇಡವಂತೆ. ನಾನು ಜಗಳವಾಡಲಿಲ್ಲ. ಆ ಕಾಗದದಲ್ಲಿ ಇನ್ನೊಂದು ಮಾತಿತ್ತು, ಮೈಮೇಲೆ ಹಾಕಿಕೊಂಡದ್ದನ್ನು ತೂಗುವುದಿಲ್ಲ. ಹೊರಡುವ ಬೆಳಿಗ್ಗೆ ಮೊದಲು ಅಮ್ಮನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಟ್ಟೆಗೆ ಬಿಗಿದು ಸುತ್ತಿಕೊಂಡೆ, ಅದರ ಮೇಲೆ ನನ್ನ ಸೀರೆ ಉಟ್ಟೆ. ಕಾರು ಮಧುರೈ ಸೇರುವಷ್ಟರಲ್ಲಿ ಬೆವರಿಗೆ ನಡುವೆಲ್ಲ ಉರಿ ಎದ್ದಿತ್ತು.

ವಿಮಾನ ನಿಲ್ದಾಣದಲ್ಲಿ ತಮ್ಮ ಒಂದು ಬ್ಯಾಗನ್ನು ಎದೆಗೆ, ಇನ್ನೊಂದನ್ನು ಬೆನ್ನಿಗೆ ಹಾಕಿಕೊಂಡು ನಿಂತ. ನೆಲಕ್ಕೆ ಇಡುವಂತಿಲ್ಲವಲ್ಲ! ಅವನ ಹೆಂಡತಿ ಮೂರನೆಯದನ್ನು ಕಂಕುಳಲ್ಲಿ ಹಿಡಿದಿದ್ದಳು. ಸುತ್ತ ಎಲ್ಲರೂ ಚಕ್ರದ ಪೆಟ್ಟಿಗೆಗಳನ್ನು ಸರಾಗವಾಗಿ ಉರುಳಿಸಿಕೊಂಡು ಹೋಗುತ್ತಿದ್ದರು. ಸಾಲು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ತಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ನಾನು ಕೈಚೀಲ ಆಡಿಸಿಕೊಂಡು ಪಕ್ಕದಲ್ಲಿ ನಿಂತಿದ್ದೆ. ಕೈ ಇಡಬಾರದು ಎಂದಿದ್ದಾರೆ, ಇಡಲಿಲ್ಲ.

ಕೌಂಟರಿನ ಹುಡುಗಿ ಬ್ಯಾಗುಗಳನ್ನು ತೂಕದ ಬೆಲ್ಟಿನ ಮೇಲೆ ಇಡಲು ಹೇಳಿದಳು. ಬೆಲ್ಟು ನೆಲ ಹೌದೋ ಅಲ್ಲವೋ ಎಂದು ಗಂಡಹೆಂಡತಿ ಪಿಸುಗುಟ್ಟಿಕೊಂಡು, ಅಲ್ಲ ಎಂದು ತೀರ್ಮಾನಿಸಿದರು. ಮೊದಲನೆಯದು ಏಳನ್ನು ದಾಟಿತು. ಎರಡನೆಯದೂ ದಾಟಿತು. ಮೂರನೆಯದಂತೂ ಎಲ್ಲಕ್ಕಿಂತ ಮುಂದೆ ಓಡಿತು.

"ನಿಮ್ಮ ಮಿಷಿನ್ ಸರಿಯಿಲ್ಲ" ಎಂದು ತಮಿಳಿನಲ್ಲಿ ಕೂಗಾಡಿದ ತಮ್ಮ. "ಊರಲ್ಲಿ ನನ್ನ ತಕ್ಕಡಿಯಲ್ಲಿ ತೂಗಿ ತಂದಿದ್ದೇನೆ!"

ಅಯ್ಯೋ, ಆ ಮುಖವನ್ನು ನಮ್ಮ ಕಣಿವೆಯ ಒಬ್ಬ ದ್ರಾಕ್ಷಿಯವನಾದರೂ ನೋಡಬೇಕಿತ್ತು. ಕೌಂಟರಿನ ಹುಡುಗಿಗೆ ಅದೆಲ್ಲ ಏನು ಗೊತ್ತು? ಅವಳು ಸಾವಧಾನವಾಗಿಯೇ ಹೇಳಿದಳು. ಇದನ್ನೆಲ್ಲ ಹೊಟ್ಟೆಗೆ ಹಾಕಿ ಸಾರ್, ನಿಮಗೆ ಬೇಕಾದಷ್ಟು ಅವಕಾಶವಿದೆ, ಒಂದು ಪೈಸೆ ಕೊಡಬೇಕಾಗಿಲ್ಲ. ತಮ್ಮ ಸೀರಿನ ಶಾಸ್ತ್ರ ವಿವರಿಸತೊಡಗಿದ. ದುಡ್ಡು ಕೊಡುತ್ತೇನೆ, ಕೈಯಲ್ಲೇ ಬಿಡು ಎಂದ. ಕೈಚೀಲಕ್ಕೆ ದುಡ್ಡು ಕೊಟ್ಟರೂ ಆಗುವುದಿಲ್ಲ, ಏಳು ಎಂದರೆ ಏಳೇ ಎಂದಳು. ಹಿಂದಿನ ಸಾಲಿನವರು ಬೈಯತೊಡಗಿದರು.

ಆಗ ತಮ್ಮನ ಹೆಂಡತಿಯ ಕಣ್ಣು ನನ್ನ ಬಟ್ಟೆ ಚೀಲದ ಮೇಲೆ ಬಿತ್ತು. "ಅಕ್ಕಾ, ಅದ್ರಲ್ಲಿ ಏನದೆ? ತೂಕಕ್ಕೆ ಅದೂ ಸೇರ್ತದಂತೆ."

ಹೇಳುವ ಮೊದಲೇ ಕಿತ್ತುಕೊಂಡಳು. ನನ್ನ ಸೀರೆ, ಟವೆಲ್ ಎರಡನ್ನೂ ಚೀಲದ ಸಮೇತ ಪಕ್ಕದ ಕಸದ ಡಬ್ಬಕ್ಕೆ ಹಾಕಿದಳು. ಮಾತ್ರೆಯ ಹಾಳೆಯನ್ನು ನಾನು ಬಗ್ಗಿ ಎತ್ತಿಕೊಂಡೆ.

"ಮುಂಬೈಲಿ ಹೊಸ್ದು ತೆಗ್ದುಕೊಡ್ತೀನಿ" ಎಂದ ತಮ್ಮ, ನನ್ನ ಮುಖ ನೋಡದೆ.

"ಬೇಡಪ್ಪ. ನನ್ನನ್ನೇ ಇಲ್ಲಿ ಬಿಟ್ಟೋಗು, ಅಲ್ಲಿಗೆ ಪೂರಾ ಹಗುರ ಆಯ್ತದೆ" ಎಂದೆ.

"ನಿನ್ನ ಬಿಟ್ರೆ ಏಳು ಕೆಜಿ ವೋಯ್ತದಕ್ಕಾ" ಎಂದ. ತಮಾಷೆಗೆ ಹೇಳಿದ ಮಾತಲ್ಲ ಅದು, ನಿಜವಾಗಿ ಗಾಬರಿಯಾಗಿ ಹೇಳಿದ.

ಚೀಲ ಬಿಸಾಡಿದ್ದು ಸಾಲಲಿಲ್ಲ. ಹಾಕಿಕೊಂಡದ್ದನ್ನು ತೂಗುವುದಿಲ್ಲ ಎಂದು ಕೌಂಟರಿನ ಹುಡುಗಿಯೇ ಕನಿಕರಪಟ್ಟು ಹೇಳಿದ ಮೇಲೆ ನನ್ನ ತಮ್ಮ ಮಗಳಿಗೆಂದು ತಂದ ರೇಷ್ಮೆ ಸೀರೆಯನ್ನು ಕುತ್ತಿಗೆಗೆ ಮಫ್ಲರಿನಂತೆ ಸುತ್ತಿಕೊಂಡ, ಪ್ಯಾಂಟಿನ ಜೇಬಿಗೆಲ್ಲ ಅಡಿಕೆ ತುಂಬಿಕೊಂಡ. ದ್ರಾಕ್ಷಿಯನ್ನು ಇಬ್ಬರೂ ಅಲ್ಲೇ ನಿಂತು ಬಾಯಿಗೆ ಹಾಕಿಕೊಂಡರು, ರಸ ಗಲ್ಲದ ಮೇಲೆ ಇಳಿಯುತ್ತಿತ್ತು. ಮೂರೂ ಬ್ಯಾಗಿಗೆ ಕೊನೆಗೂ ಚೀಟಿ ಅಂಟಿತು. ತೆಂಗಿನಕಾಯಿ, ತುಪ್ಪ, ಬಳೆ ಇದ್ದ ಬ್ಯಾಗಿನ ಚೀಟಿಯ ಮೇಲೆ ನನ್ನ ಹೆಸರಿತ್ತು.

ತಪಾಸಣೆಯಲ್ಲಿ ಬ್ಯಾಗುಗಳು ಯಂತ್ರದೊಳಗೆ ಹೋದವು. ಹೆಂಗಸರ ಪರದೆಯ ಹಿಂದೆ ಪೊಲೀಸಮ್ಮ ನನ್ನ ಹೊಟ್ಟೆ ತಡವಿ ಏನಿದು ಎಂದಳು. ಸೆರಗು ಸರಿಸಿ ತೋರಿಸಿದೆ. ಹಳೆ ಸೀರೆ, ಮೊಮ್ಮಗುವಿಗೆ ತೊಟ್ಟಿಲು ಎಂದೆ. ಅವಳು ಬಟ್ಟೆಯನ್ನು ಬೆರಳಲ್ಲಿ ಒಮ್ಮೆ ಹಿಸುಕಿ ನೋಡಿ ಹೋಗಿ ಎಂದಳು. ಆಚೆ ಬಂದು ನೋಡಿದರೆ ನನ್ನ ಹೆಸರಿನ ಬ್ಯಾಗನ್ನು ಒಬ್ಬ ಕಾವಲಿನವನು ಪಕ್ಕಕ್ಕೆ ಎಳೆದು ನಿಲ್ಲಿಸಿದ್ದ.

"ಇದು ಯಾರ ಬ್ಯಾಗು?"

ತಮ್ಮ ಮುಂದೆ ಹೋಗಿ ನನ್ನದು ಎಂದ. ಕಾವಲಿನವನು ಚೀಟಿ ಓದಿದ. ಹೆಂಗಸಿನ ಹೆಸರಿದೆ, ಅವರೇ ಬಂದು ತೆಗೆಯಬೇಕು, ಬೇರೆಯವರು ಕೈ ಹಾಕುವಂತಿಲ್ಲ ಎಂದ. ನಾನು ಒಂದು ಹೆಜ್ಜೆ ಇಟ್ಟೆ.

"ಅಕ್ಕಾ, ಮುಟ್ಬ್ಯಾಡಿ!" ಎಂದು ಚೀರಿದಳು ತಮ್ಮನ ಹೆಂಡತಿ. ಇಡೀ ಸಾಲು ನಮ್ಮ ಕಡೆ ತಿರುಗಿತು.

ಸರಿ. ಮುಟ್ಟಬೇಡ ಎಂದ ಮೇಲೆ ಮುಗಿಯಿತು. ಕೈ ಕಟ್ಟಿಕೊಂಡು ನಿಂತೆ. ಕಾವಲಿನವನ ದನಿ ಏರಿತು. ಬ್ಯಾಗು ಯಾರದೂ ಅಲ್ಲವೆಂದರೆ ದೊಡ್ಡ ಅಧಿಕಾರಿಯನ್ನು ಕರೆಯುತ್ತೇನೆ, ಮೂವರನ್ನೂ ಕೂರಿಸುತ್ತೇವೆ, ವಿಮಾನ ಹೊರಡುತ್ತದೆ ಎಂದ. ತಮ್ಮ ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ನಾನು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ನಾನು ಎಲ್ಲೂ ನಿಂತಿರಲಿಲ್ಲ.

"ತೆಗೀರಿ ಅಕ್ಕಾ" ಎಂದಳು ಕೊನೆಗೆ, ಹಲ್ಲು ಕಚ್ಚಿಕೊಂಡು.

"ನನ್ಗೆ ಸರಿಯಾಗಿ ಕೇಳಿಸ್ನಿಲ್ಲ ಕಣಮ್ಮ."

"ತೆಗೀರಿ ಅಂದೆ! ನಿಮ್ಮ ಕೈಯಿಂದ್ಲೇ ತೆಗೀರಿ!"

ತೆಗೆದೆ. ಆತುರಪಡಲಿಲ್ಲ. ಅರಿಶಿನದ ಪೊಟ್ಟಣ ತೆಗೆದೆ, ಗಂಟು ಬಿಚ್ಚಿ ಕಾವಲಿನವನಿಗೆ ತೋರಿಸಿ ಮತ್ತೆ ಕಟ್ಟಿದೆ. ಕುಂಕುಮವನ್ನೂ ಹಾಗೆಯೇ. ಗಾಜಿನ ಬಳೆಗಳ ಕಟ್ಟನ್ನು ಎತ್ತಿ ಒಂದೊಂದನ್ನೂ ಬೆರಳಿಗೆ ಸಿಕ್ಕಿಸಿ ಎಣಿಸುವವಳ ಹಾಗೆ ಸರಿಸಿದೆ. ಕಾವಲಿನವನು ಬಳೆ ಕೇಳಿರಲೇ ಇಲ್ಲ. ತಮ್ಮನ ಹೆಂಡತಿಯ ಮುಖದಲ್ಲಿ ರಕ್ತ ಇರಲಿಲ್ಲ. ತೆಂಗಿನಕಾಯಿಯನ್ನು ಕಾವಲಿನವನು ತಾನೇ ಎತ್ತಿ ಕಸದ ಡಬ್ಬಕ್ಕೆ ಹಾಕಿದ, ಢಬ್ ಎಂದಿತು. ಆಮೇಲೆ ತುಪ್ಪದ ಡಬ್ಬ. ಅದಕ್ಕೆ ಮಾತ್ರ ನನ್ನ ಹೊಟ್ಟೆ ಉರಿಯಿತು. ಮೂರು ವಾರದ ಬೆಣ್ಣೆ ಅದು, ಮನೆಯಲ್ಲಿ ಒಂದು ಚಮಚ ಯಾರಿಗೂ ಮುಟ್ಟಗೊಡದೆ ಆ ಹುಡುಗಿಗೆಂದು ಕೂಡಿಸಿದ್ದು.

ವಿಮಾನದಲ್ಲಿ ಅವರಿಬ್ಬರೂ ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡು ಕೂತರು. ಕಿಟಕಿಯ ಪಕ್ಕ ನನಗೇ ಸಿಕ್ಕಿತ್ತು, ಮೋಡ ನೋಡುತ್ತ ಕೂತೆ. ನಾಳೆ ಯಾವ ಬಳೆ ಹಾಕಲಿ, ಹಸಿರೋ ಕೆಂಪೋ ಎಂದು ಯೋಚಿಸುತ್ತಿದ್ದೆ. ನನ್ನ ಹುಚ್ಚು ನೋಡಿ.

ಮುಂಬೈ ಮನೆಯ ಬಾಗಿಲಲ್ಲಿ ಹುಡುಗಿ ಹೊಟ್ಟೆ ಹಿಡಿದುಕೊಂಡು ಬಂದು ನನ್ನನ್ನು ಅಪ್ಪಿಕೊಂಡಳು. ನನ್ನ ನಡುವಿಗೆ ಅವಳ ಕೈ ತಗುಲಿತು.

"ಅತ್ತೆ, ಗುಂಡಾಗ್ಬಿಟ್ಟಿದೀಯಾ!" ಎಂದು ನಕ್ಕಳು.

"ಹೂಂ ಕೂಸೇ, ತಿಂದು ತಿಂದು" ಎಂದೆ. ಎಲ್ಲರ ಮುಂದೆ ತೆಗೆದುಕೊಡುವುದು ಬೇಡ, ಶಾಸ್ತ್ರ ಮುಗಿದು ಇಬ್ಬರೇ ಇರುವಾಗ ಕೊಡೋಣ ಎಂದುಕೊಂಡೆ. ಉಟ್ಟ ಸೀರೆಯೊಂದೇ ಉಳಿದಿದ್ದ ನಾನು ಹೊಟ್ಟೆಯ ಸುತ್ತು ಬಿಚ್ಚದೆ ಮಲಗಿದೆ.

ಮರುದಿನ ಬೆಳಿಗ್ಗೆ ನೋಡಿದರೆ ನಮ್ಮ ಬಳೆಯ ಕಟ್ಟು ಬಾಲ್ಕನಿಯ ಮೂಲೆಯಲ್ಲಿ, ಪೊರಕೆಯ ಪಕ್ಕ ಬಿದ್ದಿತ್ತು. ಅಳಿಯ ಬೀದಿ ಅಂಗಡಿಯಿಂದ ಹೊಸ ಬಳೆ ತಂದಿದ್ದ, ಹೊಸ ಅರಿಶಿನ ಕುಂಕುಮ ತಂದಿದ್ದ. ಮೂರು ಜನರ ಹೆಸರಿನಲ್ಲಿ ನೆಲ ಮುಟ್ಟಿಸದೆ ಹೊತ್ತು ತಂದ ಸೀರಿನಲ್ಲಿ ತಟ್ಟೆಗೆ ಬಂದದ್ದು ಕಜ್ಜಾಯ ಮತ್ತು ತಮ್ಮನ ಕುತ್ತಿಗೆಯಲ್ಲಿ ಸುಕ್ಕಾದ ರೇಷ್ಮೆ ಸೀರೆ. ನಾನು ಮುಖ ತೊಳೆದು ತಲೆ ಬಾಚಿಕೊಂಡು ಹುಡುಗಿಯ ಕೋಣೆಗೆ ಹೋದೆ. ಅವಳು ಅಲಂಕಾರ ಮಾಡಿಸಿಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು, ಒಬ್ಬಳೇ. ನನ್ನನ್ನು ನೋಡಿ ತಲೆ ತಗ್ಗಿಸಿದಳು.

"ಅತ್ತೆ, ಅಮ್ಮ ಸೊಲ್ಲಿದ್ಳು. ಏರ್‌ಪೋರ್ಟಲ್ಲಿ ನೀ ಎಲ್ಲಾನೂ ಮುಟ್ಬಿಟ್ಟಂತೆ. ಬಳೆ ಬೇಕೂಂತಾನೇ ಮುಟ್ಟಿದಂತೆ."

"ನಿಮ್ಮಮ್ಮನೇ ತೆಗಿ ಅಂದ್ಳು ಕೂಸೇ."

"ಗೊತ್ತತ್ತೆ. ಆದ್ರೂ…" ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. "ಹೋದ್ಸಲ ಏನಾಯ್ತು ನಿಂಗೆ ಗೊತ್ತಲ್ಲ. ನಂಗೆ ಬಯಮಾ ಇದೆ. ನೀ ಕೋಪ ಮಾಡ್ಕೋಬ್ಯಾಡ. ಫಂಕ್ಷನ್ ಮುಗಿಯೋವರ್ಗೂ ಒಳ ರೂಮಲ್ಲಿ ಇದ್ಬಿಡ್ತೀಯಾ?"

ಅವಳಮ್ಮ ಹೇಳಿದ್ದರೆ ನಾನು ಕೇಳುತ್ತಿರಲಿಲ್ಲ, ಕಿರುಚಿ ರಂಪ ಮಾಡುತ್ತಿದ್ದೆ. ಇವಳು ಹೇಳಿದಳು. ಇವಳ ಬಾಯಿಗೆ ಮಾತು ಕಲಿಸಿದವಳು ನಾನು. ಆಯಿತು ಕಣ್ಣೇ ಎಂದೆ. ಹೊರಡುವಾಗ ಅವಳ ಕೆನ್ನೆ ಮುಟ್ಟಲು ಕೈ ಎತ್ತಿದೆ. ಅವಳು ಒಂದಿಷ್ಟು ಹಿಂದಕ್ಕೆ ಸರಿದಳು. ಬೇಕೆಂದು ಸರಿದದ್ದಲ್ಲ, ತಾನಾಗಿಯೇ ಸರಿದುಹೋದಳು. ನಾನು ಕಂಡೆ.

ಒಳ ಕೋಣೆಯಲ್ಲಿ ಅವರ ಇಸ್ತ್ರಿ ಬಟ್ಟೆಗಳ ರಾಶಿಯ ಪಕ್ಕ ಕೂತಿದ್ದೆ. ಆಚೆ ಬಳೆಗಳ ಸದ್ದು, ಹೆಂಗಸರ ನಗು, ಯಾರೋ ಹಾಡುತ್ತಿದ್ದರು. ಹೊಟ್ಟೆಗೆ ಸುತ್ತಿದ್ದ ಸೀರೆ ಕೊರೆಯುತ್ತಿತ್ತು, ಬಿಚ್ಚಲಿಲ್ಲ. ತಮ್ಮ ಒಂದು ತಟ್ಟೆಯಲ್ಲಿ ಊಟ ತಂದಿಟ್ಟು ಬಾಗಿಲಲ್ಲೇ ನಿಂತ.

"ಅಕ್ಕಾ, ನಾಳೆ ನಾವು ಫ್ಲೈಟಲ್ಲಿ ಹೊರಡ್ತೀವಿ. ನಿಂಗೆ ರೈಲ್ ಟಿಕೆಟ್ ಹಾಕಿದೀನಿ. ಅಳಿಯ ಸ್ಟೇಷನ್ನಿಗೆ ಬಿಡ್ತಾನೆ."

"ಯಾಕಪ್ಪ?"

"ಹೋಗ್ವಾಗ ಸಾಮಾನು ಏನೂ ಇಲ್ವಲ್ಲ" ಎಂದ.

ಲೆಕ್ಕ ಒಪ್ಪಿಸುವವನ ಹಾಗೆ ಸಹಜವಾಗಿ ಹೇಳಿ ಹೊರಟುಹೋದ. ಮುಂಬೈಯಿಂದ ಮಧುರೈವರೆಗೆ ಒಬ್ಬಳೇ ಬಂದೆ. ರೈಲಿನಲ್ಲಿ ಯಾರೂ ನನ್ನನ್ನು ತೂಗಲಿಲ್ಲ. ಕಕ್ಕಸಿನ ಕೋಣೆಗೆ ಹೋಗಿ ಅಮ್ಮನ ಸೀರೆಯನ್ನು ಬಿಚ್ಚಿದೆ. ನಡುವಿನ ಚರ್ಮ ಸುಲಿದಿತ್ತು. ಸೀರೆಯನ್ನು ಮಡಿಸಿ ತಲೆಯಡಿಗೆ ಇಟ್ಟುಕೊಂಡು ಊರು ಬರುವವರೆಗೆ ಅತ್ತೆ. ದಿಂಡಿಗಲ್ಲಿನಲ್ಲಿ ಎದುರು ಸೀಟಿನ ಹೆಂಗಸು ಏನಮ್ಮಾ ಆಯ್ತು ಎಂದು ತಮಿಳಿನಲ್ಲಿ ಕೇಳಿದಳು. ಹಲ್ಲುನೋವು ಎಂದೆ.

ಮಗು ಹುಟ್ಟಿತು. ಗಂಡು, ದುಂಡಗಿದೆಯಂತೆ. ಫೋಟೋ ತಮ್ಮನ ಫೋನಿನಲ್ಲಿ ನೋಡಿದೆ. ನನಗೆ ಫೋನ್ ಬರಲು ಎರಡು ತಿಂಗಳು ಹಿಡಿಯಿತು. ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಹರವಿ ಕೂತಿದ್ದಾಗ ಹುಡುಗಿಯೇ ಮಾಡಿದಳು. ಹಿಂದೆ ಮಗು ಕಿರುಚಿ ಅಳುತ್ತಿತ್ತು.

"ಅತ್ತೆ, ಇವ್ನು ನಿದ್ದೇನೇ ಮಾಡಲ್ಲ. ಅಂಗಡಿ ತೊಟ್ಲು ತಂದ್ವಿ, ಆಗ್ಲಿಲ್ಲ. ಹೊಸ ಸೀರೆ ಕಟ್ಟಿದ್ವಿ, ಗೀಚ್ತದೆ ಅವ್ನ ಮೈಗೆ. ನನ್ನ ತೂಗ್ತಿದ್ಯಲ್ಲ, ಪಾಟಿದು, ನಿಮ್ಮಮ್ಮಂದು, ಆ ಚುಕ್ಕಿ ಸೀರೆ, ಅದು ಇನ್ನೂ ಅದಾ ಅತ್ತೆ? ಅಮ್ಮನ ಕೈಲಿ ಕಳಿಸ್ತೀಯಾ? ಅವ್ಳು ಮುಂದಿನ್ವಾರ ಬರ್ತಾಳೆ."

"ಅಯ್ಯೋ, ಅದಾ ಕೂಸೇ?" ಎಂದೆ. "ನಿಂಗೆ ಅಂತಾನೇ ತ‌ಂದಿದ್ದೆ. ತೂಕ ಜಾಸ್ತಿ ಆಯ್ತು ಅಂತ ಏರ್‌ಪೋರ್ಟಲ್ಲೇ ಕಸಕ್ಕೆ ಹಾಕ್ಬಿಟ್ವಿ. ನಿಮ್ಮಮ್ಮನ್ನ ಬೇಕಾದ್ರೆ ಕೇಳು, ಅವಳ ಕೈಯಿಂದ್ಲೇ ಹಾಕಿದ್ಳು."

ಮಗು ಉಸಿರು ಕಟ್ಟಿ ಅಳುತ್ತಲೇ ಇತ್ತು. ಅಳಲಿ ಎಂದು ಫೋನ್ ಇಟ್ಟೆ. ಆಗಷ್ಟೇ ಒಗೆದು ಹಾಕಿದ್ದ ಚುಕ್ಕಿ ಸೀರೆ ಎದುರಿನ ಹಗ್ಗದ ಮೇಲೆ ಒಣಗುತ್ತಿತ್ತು. ಎದ್ದು ಹೋಗಿ ಅದನ್ನು ಮಗುಚಿ ಹಾಕಿದೆ.